ವಂಶವೃಕ್ಷದಲ್ಲಿ ನನ್ನ ತಮ್ಮನ ಹೆಸರು ಬಿಡಬೇಕಂತೆ. ಏನು ಮಾಡಲಿ?

ಅಟ್ಟದಕಾಯಿ (ತಿಪಟೂರು ಕಡೆಯವಳು, ಸದ್ಯ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಎರಡು ವಾರದಿಂದ ಬರೆಯೋದು, ಅಳಿಸೋದು, ಇದೇ ಆಗಿದೆ.

ನನ್ನ ತಮ್ಮ ಸೋಮು, 32 ವರ್ಷ. ಹುಟ್ಟಿದಾಗ ತುಂಬ ಹೊತ್ತು ಅಳಲಿಲ್ಲವಂತೆ. ನಡೆದದ್ದು ಮೂರನೇ ವರ್ಷಕ್ಕೆ, ಮಾತು ಬಂದದ್ದು ಐದಕ್ಕೆ. ಸರ್ಟಿಫಿಕೇಟಲ್ಲಿ ‘ಬೌದ್ಧಿಕ ಅಂಗವೈಕಲ್ಯ, ಶೇ 65’ ಅಂತಿದೆ. ಊರಲ್ಲಿ ‘ಸೋಮಣ್ಣ ಸ್ವಲ್ಪ ನಿಧಾನ’ ಅಂತಾರೆ. ಬೇರೆ ಥರ ಅನ್ನೋರೂ ಇದ್ದಾರೆ, ಅದನ್ನ ಇಲ್ಲಿ ಬರೆಯಲ್ಲ. ಮೂರನೇ ಕ್ಲಾಸಿನವರೆಗೆ ಸ್ಕೂಲಿಗೆ ಹೋದ. ಒಬ್ಬರು ಮೇಷ್ಟ್ರು ಅವನ ಕೈಲೇ ಬೆಲ್ಲು ಹೊಡೆಸ್ತಿದ್ರು, ಅದಕ್ಕೋಸ್ಕರ ಎಲ್ಲರಿಗಿಂತ ಮೊದಲು ಹೋಗಿ ಗೇಟಿನ ಹತ್ರ ನಿಂತಿರೋನು. ಅವರಿಗೆ ವರ್ಗ ಆಯ್ತು. ಆಮೇಲೆ ಬಂದವರು ‘ಇವನಿಂದ ಬೇರೆ ಮಕ್ಕಳ ಪಾಠ ಕೆಡುತ್ತೆ’ ಅಂದ್ರು. ಅಪ್ಪ ಜಗಳ ಆಡೋ ಆಸಾಮಿ ಅಲ್ಲ, ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬಂದ್ರು. ಅಲ್ಲಿಗೆ ಓದು ಮುಗೀತು.

ಅವನ ದಿನ ಹೇಗೆ ಕಳೆಯುತ್ತೆ ಅಂತ ಹೇಳದಿದ್ರೆ ನನ್ನ ಪ್ರಶ್ನೆ ಅರ್ಥ ಆಗಲ್ಲ. ಬೆಳಗ್ಗೆ ಆರಕ್ಕೆ ಕ್ಯಾನು ಹಿಡ್ಕೊಂಡು ಡೈರಿಗೆ ಹೋಗ್ತಾನೆ. ಪಕ್ಕದ ಮನೆ ಅಜ್ಜಿಯ ಹಾಲನ್ನೂ ಅವನೇ ಹಾಕಿ ಬರೋದು. ಫ್ಯಾಟು ಎಷ್ಟು ಬಂತು ಅಂತ ಓದೋಕೆ ಬರಲ್ಲ, ಆದ್ರೆ ಚೀಟಿ ಇಸ್ಕೊಳ್ಳದೆ ಒಂದು ದಿನವೂ ವಾಪಸ್ ಬಂದವನಲ್ಲ. ಅಜ್ಜಿ ಚೀಟಿ ಎಡಗಡೆ ಜೇಬಿಗೆ, ನಮ್ಮದು ಬಲಗಡೆಗೆ. ಇದನ್ನ ಯಾರೂ ಹೇಳಿಕೊಟ್ಟಿದ್ದಲ್ಲ. ಆಮೇಲೆ ಹಸು ಹೊಡ್ಕೊಂಡು ಹೋಗೋದು, ತೋಟದಲ್ಲಿ ಬಿದ್ದ ಗರಿ ಎಳೆದು ತರೋದು, ಸಂಜೆ ಗುಡಿ ಕಟ್ಟೆ. ಪೂಜೆ ಹೊತ್ತಿಗೆ ಗಂಟೆ ಅವನದ್ದೇ.

ಕೊಬ್ಬರಿ ವಿಷಯಕ್ಕೆ ಬಂದ್ರೆ ಊರಲ್ಲೇ ಅವನಿಗೊಂದು ಹೆಸರಿದೆ. ನಮ್ಮ ಕಡೆಯವರಿಗೆ ಗೊತ್ತು, ಕಾಯನ್ನ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆ ಆಗಿ, ಅಲ್ಲಾಡಿಸಿದ್ರೆ ಗುಡುಗುಡು ಅನ್ನಬೇಕು. ಸೋಮು ಕಿವಿ ಹತ್ರ ಹಿಡಿದು ಒಂದೇ ಸಲ ಅಲ್ಲಾಡಿಸಿ ‘ಆಯ್ತು’, ‘ಇನ್ನೂ ಇಲ್ಲ’ ಅಂತ ಎರಡು ಗುಡ್ಡೆ ಮಾಡ್ತಾನೆ. ತಪ್ಪೋದು ಅಪರೂಪ. ದೊಡ್ಡಪ್ಪನ ಮನೇಲಿ ಕಾಯಿ ಇಳಿಸುವಾಗಲೂ ಅವನನ್ನೇ ಕರೀತಾರೆ. ಸುಲಿಯೋಕೆ ಬಂದವರಿಗೆಲ್ಲ ಕೂಲಿ, ಇವನಿಗೆ ಕಾಫಿ ತಿಂಡಿ. ಇದು ತಪ್ಪು ಅಂತ ಬರೆಯುವಾಗ ಹೊಳೀತಿದೆ. ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ.

ಹೋದ ಕಾರ್ತೀಕದಲ್ಲಿ ಅಪ್ಪ ತೀರಿಕೊಂಡ್ರು. ಅಜ್ಜನ ಕಾಲದ ಜಮೀನು 6 ಎಕರೆ 20 ಗುಂಟೆ, ಅಪ್ಪ ಮತ್ತು ದೊಡ್ಡಪ್ಪನ ಜಂಟಿ ಖಾತೆ. ಈಗ ಅಪ್ಪನ ಅರ್ಧಕ್ಕೆ ಪೌತಿ ಖಾತೆ ಆಗಬೇಕು, ಅಂದ್ರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ವಾರಸುದಾರರನ್ನ ತೋರಿಸೋ ವಂಶವೃಕ್ಷದ ಅರ್ಜಿ ಬರೆಯುವಾಗ ದೊಡ್ಡಪ್ಪ ಅಂದ್ರು, ‘ಅವನ ಹೆಸರು ಯಾಕವ್ವ ಸೇರಿಸ್ತೀಯ? ನಾಳೆ ಬ್ಯಾಂಕ್ ಸಾಲಕ್ಕೆ, ಭಾಗ ಮಾಡ್ಕೊಳ್ಳೋಕೆ, ಎಲ್ಲದಕ್ಕೂ ಅವನ ಸಹಿ ಕೇಳ್ತಾರೆ. ಅವನ ಪಾಲೂ ನಿನ್ನ ಹೆಸರಿಗೇ ಬರಲಿ, ನೀನು ಅವನನ್ನ ನೋಡ್ಕೊ. ಸೇರಿಸಲೇಬೇಕು ಅಂದ್ರೆ ಸೇರಿಸಿ, ಆಮೇಲೆ ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡೋಣ. ಹೆಬ್ಬೆಟ್ಟು ಒತ್ತಿಸೋದು ನನಗೆ ಬಿಡು.’

ದೊಡ್ಡಪ್ಪ ಕೆಟ್ಟವರಲ್ಲ, ಇದನ್ನೂ ಹೇಳಬೇಕು. ಅಪ್ಪ ಆಸ್ಪತ್ರೇಲಿದ್ದಾಗ ಎಲ್ಲರಿಗಿಂತ ಮೊದಲು ದುಡ್ಡು ಹಿಡ್ಕೊಂಡು ಬಂದವರು ಅವರು.

ಎರಡನೇದು. ಅಮ್ಮನಿಗೆ 66, ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಸೋಮೂನ ಒಂದು ವಸತಿ ಕೇಂದ್ರಕ್ಕೆ ಸೇರಿಸಿ ಅಂತ ನೆಂಟರು ಒಂದು ವಿಳಾಸ ಕೊಟ್ಟರು. ನಾನು, ನಮ್ಮನೆಯವರು ಹೋಗಿ ನೋಡಿ ಬಂದ್ವಿ. ಸುಳ್ಳು ಹೇಳಬಾರದು, ಚೊಕ್ಕಟವಾಗಿತ್ತು, ಊಟ ಚೆನ್ನಾಗಿತ್ತು, ಅಲ್ಲಿದ್ದ ಆಯಾಗಳು ಮೃದು ಮಾತಿನವರು. ಮಧ್ಯಾಹ್ನ ನಾಲ್ಕು ಗಂಟೆ. ಸುಮಾರು ಮೂವತ್ತು ಜನ ಒಂದು ಹಾಲಲ್ಲಿ ಗೋಡೆಗೆ ಒರಗಿ ಕೂತಿದ್ರು, ಏನೂ ಮಾಡ್ತಿರಲಿಲ್ಲ. ಬರುವಾಗ ಗಮನಿಸಿದೆ, ಆ ಹಾಲಿನ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ.

ಈಗ ನನ್ನ ಪ್ರಶ್ನೆ. ಹೆಸರು ಬಿಟ್ಟು ವಂಶವೃಕ್ಷ ಮಾಡಿಸಬಹುದಾ? ಅವನ ಹೆಬ್ಬೆಟ್ಟಿಗೆ ಬೆಲೆ ಇದೆಯಾ? ನಾನು ಅವನ ಗಾರ್ಡಿಯನ್ ಆದ್ರೆ ಎಲ್ಲಾ ಸರಿಹೋಗುತ್ತಾ, ಅಥವಾ ಅವನ ಕೈಲಿರೋ ಅಷ್ಟಿಷ್ಟನ್ನೂ ನಾನೇ ಕಿತ್ಕೊಂಡ ಹಾಗೆ ಆಗುತ್ತಾ? ಅಮ್ಮನ ನಂತರ ಅವನು ಊರಲ್ಲೇ ಇರೋ ದಾರಿ ಏನಾದ್ರೂ ಇದ್ರೆ ಅದನ್ನೂ ಹೇಳಿ. ಬೆಂಗಳೂರಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ, ನಾಲ್ಕನೇ ಮಹಡಿ.


ನೇರನುಡಿ (ದಾವಣಗೆರೆ)

ಕೋಪ ಮಾಡ್ಕೋಬೇಡಿ, ನಿಮ್ಮ ದೊಡ್ಡಪ್ಪ ಹೇಳೋದ್ರಲ್ಲಿ ಅರ್ಥ ಇದೆ. ಇಂಥವರ ಹೆಸರಲ್ಲಿ ಆಸ್ತಿ ಇದ್ರೆ ನಾಳೆ ಯಾರೋ ಒಬ್ಬ ಸಿಹಿ ಕೊಡಿಸಿ ಬರೆಸ್ಕೊಂಡು ಹೋಗ್ತಾನೆ. ಹೆಸರಲ್ಲಿ ಇಲ್ಲದಿರೋದೇ ಸೇಫು. ಅಕ್ಕ ನೀವಿದ್ದೀರಲ್ಲ, ನೋಡ್ಕೊಳ್ಳಿ.


ಕರಿಕೋಟು (ಹಾಸನ, ವಕೀಲ)

ಮೇಲಿನವರ ಮಾತು ಕೇಳಲಿಕ್ಕೆ ಕಾಳಜಿಯಂತಿದೆ, ಪರಿಣಾಮದಲ್ಲಿ ಕಳವು. ‘ಯಾರೋ ಬರೆಸಿಕೊಂಡಾರು, ಆದ್ದರಿಂದ ನಾವೇ ಬರೆಸಿಕೊಳ್ಳೋಣ’ ಎಂಬ ವಾದವನ್ನು 22 ವರ್ಷಗಳ ವೃತ್ತಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅಟ್ಟದಕಾಯಿಯವರೇ, ಒಂದೊಂದಾಗಿ ಹೇಳುತ್ತೇನೆ. ಒಂದು ಕಾಲದಲ್ಲಿ ಹಿಂದೂ ಕಾನೂನಿನಲ್ಲಿ ಕುರುಡು, ಕಿವುಡು, ಬುದ್ಧಿಯ ಕೊರತೆ ಇವೆಲ್ಲ ಪಾಲು ತಪ್ಪಿಸಲು ಕಾರಣಗಳಾಗಿದ್ದವು. 1928ರಲ್ಲಿ ಒಂದು ಕಾಯ್ದೆ ಬಂದು ಬಹುಪಾಲು ಅಡ್ಡಿಗಳನ್ನು ತೆಗೆಯಿತು, ಆದರೆ ಹುಟ್ಟಿನಿಂದ ಬುದ್ಧಿಯ ಕೊರತೆ ಇದ್ದವರನ್ನು ಮಾತ್ರ ಹೊರಗೇ ಉಳಿಸಿತು. ನಿಮ್ಮ ದೊಡ್ಡಪ್ಪನವರ ತಲೆಯಲ್ಲಿರುವುದು ಬಹುಶಃ ಅವರ ಅಜ್ಜನಿಂದ ಬಂದ ಆ ಹಳೆಯ ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 28 ಅದಕ್ಕೂ ಕೊನೆ ಹಾಡಿತು. ಯಾವುದೇ ಕಾಯಿಲೆ, ನ್ಯೂನತೆ, ಅಂಗವಿಕಾರದ ಕಾರಣಕ್ಕೆ ಯಾರೂ ವಾರಸುದಾರಿಕೆಗೆ ಅನರ್ಹರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 13 ಇನ್ನೂ ಮುಂದೆ ಹೋಗಿ, ಆಸ್ತಿ ಹೊಂದುವುದು, ವಾರಸಾಗಿ ಪಡೆಯುವುದು, ಹಣಕಾಸು ವ್ಯವಹಾರ ಎಲ್ಲದರಲ್ಲೂ ಇತರರಿಗೆ ಸಮನಾದ ಹಕ್ಕು ಎನ್ನುತ್ತದೆ. ನಿಮ್ಮ ತಂದೆಯ ಪಾಲಿನಲ್ಲಿ ತಾಯಿ, ನೀವು, ತಮ್ಮ ಮೂವರೂ ಹಕ್ಕುದಾರರು. ಯಾರಿಗೆ ಎಷ್ಟು ಎಂಬುದು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದರ ಮೇಲೆ. ಆ ಲೆಕ್ಕವನ್ನು ಕಾಗದ ನೋಡದೆ ನಾನು ಹೇಳಲಾರೆ.

ಹೆಸರು ಬಿಟ್ಟು ವಂಶವೃಕ್ಷ ಮಾಡಿಸಬೇಡಿ. ಅದಕ್ಕೆ ಅಫಿಡವಿಟ್ ಕೊಡುವವರು ನೀವು. ಸುಳ್ಳಾದರೆ ಸಿಕ್ಕಿಬೀಳುವವರೂ ನೀವೇ, ದೊಡ್ಡಪ್ಪ ಅಲ್ಲ.

ಹೆಬ್ಬೆಟ್ಟಿನ ವಿಷಯ. ಏನೆಂದು ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆ ಆಗುವುದಿಲ್ಲ. 1908ರ ನೋಂದಣಿ ಕಾಯ್ದೆಯ ಸೆಕ್ಷನ್ 35ರ ಪ್ರಕಾರ ಬರೆದುಕೊಡುವವರು ಅಪ್ರಾಪ್ತರೆಂದೋ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರೆಂದೋ ಕಂಡರೆ ಸಬ್‌ರಿಜಿಸ್ಟ್ರಾರ್ ನೋಂದಣಿ ನಿರಾಕರಿಸಬೇಕು. ಆ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಇಂದಿಗೂ ‘ಈಡಿಯಟ್’ ಎಂಬ ಪದವೇ ಇದೆ. ನಿಮ್ಮ ತಮ್ಮನನ್ನು ರಕ್ಷಿಸುವ ವಾಕ್ಯವೇ ಅವರನ್ನು ಬೈಯುತ್ತದೆ, ಏನು ಮಾಡೋಣ.

ಕೊನೆಯದು, ಸ್ವಲ್ಪ ಕಹಿ. ಅದೇ ಸೆಕ್ಷನ್ 13ರಲ್ಲಿ ಇನ್ನೊಂದು ಮಾತಿದೆ. ಬೆಂಬಲ ಕೊಡುವವರ ಹಿತಕ್ಕೂ ಅಂಗವಿಕಲ ವ್ಯಕ್ತಿಯ ಹಿತಕ್ಕೂ ಒಂದು ವ್ಯವಹಾರದಲ್ಲಿ ಘರ್ಷಣೆ ಬಂದರೆ, ಬೆಂಬಲಿಗರು ಆ ವ್ಯವಹಾರದಿಂದ ದೂರ ನಿಲ್ಲಬೇಕು. ದೊಡ್ಡಪ್ಪನವರಿಗೆ ಮಾತ್ರ ಇದು ಅನ್ವಯ ಎಂದುಕೊಳ್ಳಬೇಡಿ. ನೀವೂ ಪಾಲುದಾರರು, ತಾಯಿಯೂ ಪಾಲುದಾರರು. ಭಾಗ ಮಾಡುವಾಗ ನಿಮ್ಮ ತಮ್ಮನ ಪರವಾಗಿ ನಿಲ್ಲಲು ಪಾಲಿಲ್ಲದ ಮತ್ತೊಬ್ಬರು ಬೇಕು. ವ್ಯಾಜ್ಯ ಕೋರ್ಟಿಗೆ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 32ರ ಅಡಿ ಅಂಥವರನ್ನು ನ್ಯಾಯಾಲಯವೇ ನೇಮಿಸುತ್ತದೆ.


ಮೈಸೂರಮ್ಮ

ಮಗೂ, ನನ್ನ ಮಗನಿಗೆ ಈಗ 26. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ), ಜೊತೆಗೆ ಕಲಿಕೆಯೂ ನಿಧಾನ. ಅವನಿಗೆ 18 ತುಂಬಿದ ಮೇಲೆ ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು, ‘ಮೇಡಂ, ನೀವು ಇವರಿಗೆ ಏನಾಗಬೇಕು?’ ತಾಯಿ ಅಂದೆ. ‘ಅದಲ್ಲ, ಕಾನೂನಿನ ಪ್ರಕಾರ?’ ಅಂದಳು. ಉತ್ತರ ಇರಲಿಲ್ಲ. ಹದಿನೆಂಟು ವರ್ಷ ಎತ್ತಿ ಆಡಿಸಿದವಳು ಒಂದು ರಾತ್ರಿ ಬೆಳಗಾಗುವಷ್ಟರಲ್ಲಿ ಯಾರೂ ಅಲ್ಲ.

ಆಗ ತಿಳಿದದ್ದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ನ್ಯಾಷನಲ್ ಟ್ರಸ್ಟ್ ಅಂತಾರಲ್ಲ ಅದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ಡಿಸಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು. ಪೋಷಕರನ್ನು, ಅಂದರೆ ಗಾರ್ಡಿಯನ್ ಅನ್ನು, ನೇಮಿಸಿ ಅಂತ ತಂದೆ ತಾಯಿ ಅಥವಾ ರಕ್ತ ಸಂಬಂಧಿಕರು ಅದಕ್ಕೆ ಅರ್ಜಿ ಹಾಕಬಹುದು. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ನೀನು ಕೇಳಿದೆಯಲ್ಲ, ಕಿತ್ತುಕೊಂಡ ಹಾಗೆ ಆಗುತ್ತಾ ಅಂತ. ನಾನು ಕೂಡ ಹೆದರಿದ್ದೆ. ಸಮಿತಿ ಮೊದಲು ನೋಡಬೇಕಾದದ್ದು ಇವನಿಗೆ ಪೋಷಕರು ಬೇಕೇ ಬೇಕಾ, ಬೇಕಾದರೆ ಯಾವ ಯಾವ ಕೆಲಸಕ್ಕೆ ಅಂತ. ಕಾಯ್ದೆಯಲ್ಲೇ ಹಾಗಿದೆ. ನಾನು ಅರ್ಜಿಯಲ್ಲಿ ‘ಎಲ್ಲದಕ್ಕೂ’ ಅಂತ ಬರೆದಿದ್ದೆ. ಸಮಿತಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದವರೊಬ್ಬರು ನನ್ನನ್ನು ಬಿಟ್ಟು ಮಗನನ್ನು ಕೇಳಿದರು, ‘ಈ ಅಂಗಿ ಯಾರು ಆರಿಸಿದ್ದು?’ ಅವನು ತನ್ನ ಎದೆ ತಟ್ಟಿಕೊಂಡ. ಅವತ್ತು ಅವನು ಹಾಕಿದ್ದು ಅರ್ಧ ಹರಿದ ಹಳದಿ ಅಂಗಿ, ಬೇಡ ಅಂತ ಬೆಳಗ್ಗೆ ಗದರಿದ್ದೆ. ‘ಹಾಗಾದರೆ ಎಲ್ಲದಕ್ಕೂ ಅಂತ ಯಾಕೆ ಬರೆದಿರಿ ಅಮ್ಮ?’ ಅಂದರು. ನನ್ನ ಮುಖ ಕೆಂಪಾಯಿತು. ಆಮೇಲೆ ಬ್ಯಾಂಕು, ಆಸ್ತಿ, ಆಸ್ಪತ್ರೆ ಅಂತ ಬಿಡಿಸಿ ಬರೆದುಕೊಟ್ಟೆ.

ಪೋಷಕರಾದವರು ಆರು ತಿಂಗಳೊಳಗೆ, ತಾವು ಯಾರ ಹೊಣೆ ಹೊತ್ತರೋ ಅವರ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ. ಸರಿಯಾಗಿ ನೋಡಿಕೊಳ್ಳದಿದ್ದರೆ ತೆಗೆದುಹಾಕಲೂಬಹುದು. ನಿನ್ನ ದೊಡ್ಡಪ್ಪ ಹೇಳಿದ ಹಾಗೆ ನಿನ್ನ ಹೆಸರಿಗೆ ಪಾಲು ಬಂದುಬಿಟ್ಟರೆ ಲೆಕ್ಕ ಕೇಳುವವರು ಯಾರು? ನೀನು ಒಳ್ಳೆಯವಳು. ನಿನ್ನ ನಂತರ?

ಹಾಂ, ಮರೆತೆ. ನಿರಾಮಯ ವಿಮೆ ಮಾಡಿಸು. ಅದೂ ನ್ಯಾಷನಲ್ ಟ್ರಸ್ಟಿನದ್ದೇ, ವರ್ಷಕ್ಕೆ 1 ಲಕ್ಷದವರೆಗೆ. ಮೊದಲೇ ಕಾಯಿಲೆ ಇತ್ತಾ ಅಂತ ಪರೀಕ್ಷೆ ಮಾಡುವುದಿಲ್ಲ.


ಕಡಲತಡಿ ಅಪ್ಪ (ಮಂಗಳೂರು)

ಎಲ್ಲ ಓದಿದೆ. ಒಂದು ಮಾತು ಹೇಳ್ಲಿಕ್ಕುಂಟು, ಬೈಯುವುದಾದ್ರೆ ಬೈಯಿರಿ. ನನ್ನ ಮಗಳಿಗೆ 24, ಆಟಿಸಂ. ಹೆಂಡತಿ ತೀರಿಕೊಂಡು ಐದು ವರ್ಷ ಆಯ್ತು. ನಾನು ರಾತ್ರಿ ಪಾಳಿಗೆ ಹೋಗುವವ. ಅವಳು ರಾತ್ರಿ ಎದ್ದು ಬಾಗಿಲು ತೆಗೆದು ನಡೆದುಕೊಂಡು ಹೋಗ್ತಿದ್ದಳು, ಎರಡು ಸಲ ರೈಲು ಹಳಿ ಹತ್ರ ಸಿಕ್ಕಿದ್ದು. ವಸತಿ ಕೇಂದ್ರಕ್ಕೆ ಬಿಟ್ಟೆ. ಆ ದಿನದಿಂದ ನಮ್ಮ ಬೀದಿಯವ್ರಿಗೆ ನಾನು ಮಗಳನ್ನು ಬಿಸಾಡಿದ ಅಪ್ಪ. ಅವಳು ಮನೆಯಲ್ಲಿದ್ದಾಗ ಒಂದು ದಿನ ಅರ್ಧ ಗಂಟೆ ನೋಡಿಕೊಳ್ತೇನೆ ಅಂತ ಬಂದವ ಒಬ್ಬನೂ ಇಲ್ಲ ಮಾರಾಯ್ರೆ. ಮದುವೆಗೆ ಕರೀವಾಗ ‘ನೀವೊಬ್ರೇ ಬನ್ನಿ’ ಅಂತ ಹೇಳಿದ ನೆಂಟರೂ ಇದ್ದಾರೆ.

ಅಟ್ಟದಕಾಯಿಯವ್ರೆ, ಚಿಲಕ ಹೊರಗಡೆ ಇತ್ತು ಅಂದ್ರಲ್ಲ, ಅದು ಸರಿಯಾದ ಕಣ್ಣು. ನಾನು ಮೂರು ಜಾಗ ನೋಡಿ ನಾಲ್ಕನೇದು ಆರಿಸಿದ್ದು. ಇಲ್ಲಿ ಆರೇ ಜನ, ಸಾಮಾನ್ಯ ಮನೆ, ಪಕ್ಕದಲ್ಲಿ ದಿನಸಿ ಅಂಗಡಿ. ಅವಳೇ ಹೋಗಿ ಬಿಸ್ಕತ್ತು ತರ್ತಾಳೆ. ನಾನು ಹೇಳದೆ ಕೇಳದೆ ಮಂಗಳವಾರ ಸಂಜೆ ಹೋಗಿ ನಿಲ್ತೇನೆ. ಹೇಳದೆ ಬರಬೇಡಿ ಅನ್ನುವ ಜಾಗಕ್ಕೆ ನಿಮ್ಮವರನ್ನು ಬಿಡಬೇಡಿ, ಅಷ್ಟೇ.

ನಿಮ್ಮ ತಮ್ಮನಿಗೆ ಊರು ಉಂಟು, ಕೆಲಸ ಉಂಟು, ಹೆಸರು ಹಿಡಿದು ಕರೆಯುವ ಜನ ಉಂಟು. ಅದನ್ನು ಕಳೆಯಬೇಡಿ. ನನ್ನ ಮಗಳಿಗೆ ಅದು ಇರಲಿಲ್ಲ.


ಮೈಸೂರಮ್ಮ

ಕಡಲತಡಿಯವರೇ, ಬೈಯುವವರು ಯಾರೂ ಇಲ್ಲಿಲ್ಲ. ರಾತ್ರಿ ಪಾಳಿ ಬಿಟ್ಟು ಬಂದು ಇದನ್ನು ಬರೆದಿರಾ? ಮಲಗಿ.


ಮೂರುಗಾಲಿ (ಗದಗ ಜಿಲ್ಲಾ, ವಿಆರ್‌ಡಬ್ಲ್ಯೂ)

ಅಕ್ಕಾರ, ನಾನು ಒಂದು ಗ್ರಾಮ ಪಂಚಾಯ್ತಿಯೊಳಗ ವಿಆರ್‌ಡಬ್ಲ್ಯೂ, ಅಂದ್ರ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ ಅದೀನ್ರಿ. ನನಗೂ ಒಂದು ಕಾಲು ಪೋಲಿಯೋ. ವಕೀಲ್ರು ಕಾನೂನು ಛಲೋ ಹೇಳ್ಯಾರ, ನಾನು ಪಂಚಾಯ್ತಿ ಕಟ್ಟಿಮ್ಯಾಲಿನ ಮಾತು ಹೇಳತೀನಿ.

ಮೊದಲ ನಿಮ್ಮ ಪಂಚಾಯ್ತಿ ವಿಆರ್‌ಡಬ್ಲ್ಯೂ ಯಾರದಾರ ಕೇಳ್ರಿ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರ್ತಾರ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗೇತೇನ್ರಿ ಸೋಮಣ್ಣಂದು? ಹಳೇ ಸರ್ಟಿಫಿಕೇಟ್ ಒಂದ ಇದ್ರ ಅದನ್ನ ಹಿಡ್ಕೊಂಡು ಹೊಸದು ಮಾಡಸ್ರಿ, ಮಾಸಾಶನಕ್ಕೂ ಸಮಿತಿಗೂ ಅದನ್ನ ಕೇಳ್ತಾರ. ಪಂಚಾಯ್ತಿ ಸ್ವಂತ ಆದಾಯದಾಗ ಶೇ 5 ಅಂಗವಿಕಲರಿಗಂತ ತೆಗದಿಡಬೇಕು. ತೆಗದಿಡ್ತಾರ, ಖರ್ಚು ಮಾಡೂದು ಮಾರ್ಚ್ ತಿಂಗಳದಾಗ, ಅದೂ ಯಾರರ ಬಂದು ಕೇಳಿದ್ರ. ಅಂಗವಿಕಲರ ವಿಶೇಷ ಗ್ರಾಮಸಭಾ ಮಾಡ್ತಾರ, ಅದಕ್ಕ ಸೋಮಣ್ಣನ್ನ ಕರ್ಕೊಂಡು ಹೋಗ್ರಿ. ನೀವು ಒಬ್ಬಾಕಿನ ಹೋಗಿ ಅವನ ಪರವಾಗಿ ಮಾತಾಡಬ್ಯಾಡ್ರಿ. ಅವ ಕುರ್ಚಿಮ್ಯಾಲ ಕುಂತಿದ್ರ ಸಾಕು, ಮಾತು ಬ್ಯಾರೆ ಆಗ್ತೈತಿ.

ವೋಟರ್ ಲಿಸ್ಟಿನ್ಯಾಗ ಹೆಸರೈತೇನು? ಭಾಳ ಮಂದಿ ‘ಇವರಿಗೆ ವೋಟ್ ಇಲ್ಲ’ ಅಂತ ತಿಳ್ಕೊಂಡಾರ. ಸುಳ್ಳು. ಬುದ್ಧಿ ಸ್ವಾಧೀನದಾಗ ಇಲ್ಲ ಅಂತ ಕೋರ್ಟ್ ಘೋಷಣಾ ಮಾಡಿದ್ರಷ್ಟ ಹೆಸರು ತೆಗಿಬೇಕು, ಡಾಕ್ಟರ್ ಸರ್ಟಿಫಿಕೇಟಿನ ಮ್ಯಾಲ ಅಲ್ಲ. ಫಾರಂ 6 ತುಂಬ್ರಿ. ನಮ್ಮೂರಾಗ ಹಿಂಗ ಒಬ್ಬ ತಮ್ಮನ ಹೆಸರು ನಾನ ಸೇರಿಸಿದ್ನಿ. ವೋಟ್ ಹಾಕಿ ಬಂದು ಮೂರು ದಿನ ಬೆರಳು ತೊಳಿಲಿಲ್ಲ ಅಂವ. ಚುನಾವಣೆಗೆ ನಿಂತಾಂವ ಆ ಸಲ ಮೊದಲನೇ ಸಲ ಅವರ ಮನಿಗೆ ಬಂದು ಅವನ ಹೆಸರು ಹಿಡಿದು ಮಾತಾಡಿಸಿದ. ಅಲ್ಲೀಮಟ ಅವರ ಅಪ್ಪನ್ನಷ್ಟ ಮಾತಾಡಸ್ತಿದ್ದ.

ಕೂಲಿ ವಿಷಯ ನೀವ ಬರದೀರಿ, ನಾನು ಬ್ಯಾರೆ ಹೇಳೂದಿಲ್ಲ. ನರೇಗಾದಾಗ ನಮ್ಮಲ್ಲಿ ಅಂಗವಿಕಲರಿಗೆ ಅರ್ಧ ಕೆಲಸಕ್ಕ ಪೂರ್ತಿ ಕೂಲಿ ಕೊಟ್ಟಾರ್ರಿ. ನಿಮ್ಮ ತಮ್ಮ ಪೂರ್ತಿ ಕೆಲಸಕ್ಕ ಕಾಫಿ ಕುಡಿಯಾಕತ್ತಾನ.

ಇನ್ನೊಂದು ಕೇಳ್ಲೇನ್ರಿ? ಇಷ್ಟುದ್ದ ಬರದೀರಿ, ಡೈರಿ ಬಂತು, ಕೊಬ್ಬರಿ ಬಂತು, ಚಿಲಕ ಬಂತು. ಸೋಮಣ್ಣ ಏನಂದ ಅನ್ನೂದು ಎಲ್ಲಿ ಬರಲಿಲ್ಲ. ಅವನ್ನ ಕೇಳೀರೇನು?


ಅಟ್ಟದಕಾಯಿ

ಮೂರುಗಾಲಿಯವರೇ, ಕೇಳಿಲ್ಲ. ಕೇಳಿದ್ರೆ ಅರ್ಥ ಆಗುತ್ತಾ ಅಂತ ಸುಮ್ಮನಿದ್ದೆ. ‘ನೀನು ಎಲ್ಲಿರ್ತೀಯ’ ಅಂದ್ರೆ ‘ಇಲ್ಲೇ’ ಅಂತಾನೆ, ಬಸ್‌ಸ್ಟ್ಯಾಂಡಲ್ಲಿ ಕೇಳಿದ್ರೂ ‘ಇಲ್ಲೇ’.

ವಕೀಲರಿಗೊಂದು ಮಾತು. ನಿಮ್ಮ ಕೊನೇ ಪ್ಯಾರಾ ಓದಿ ಎರಡು ದಿನ ಫೋನ್ ಮುಟ್ಟಲಿಲ್ಲ. ದೊಡ್ಡಪ್ಪ ಅವನ ಪಾಲು ನನ್ನ ಹೆಸರಿಗೆ ಅಂದ ರಾತ್ರಿ ನಾನು ಲೆಕ್ಕ ಹಾಕಿದ್ದೆ. ಆ ಗುಂಟೆ ಮಾರಿದ್ರೆ ಎಷ್ಟು ಬರುತ್ತೆ, ಬೆಂಗಳೂರಲ್ಲಿ ಒಂದು ಸೈಟಿಗೆ ಮುಂಗಡ ಆಗುತ್ತಾ, ಅಲ್ಲಿ ಕೆಳಗಡೆ ಸೋಮೂಗೊಂದು ರೂಮು ಕಟ್ಟಿಸಬಹುದಾ ಅಂತ. ರೂಮು ಅಂತ ಸೇರಿಸಿದ್ದರಿಂದ ಅದು ಅವನಿಗೋಸ್ಕರ ಅಂತ ನನಗೇ ಅನ್ನಿಸಿಬಿಟ್ಟಿತ್ತು. ನಮ್ಮನೆಯವರಿಗೂ ಇದನ್ನ ಹೇಳಿಲ್ಲ, ಹೆಸರಿಲ್ಲದ ಕಡೆ ಹೇಳ್ತಿದ್ದೀನಿ.


ಕರಿಕೋಟು

ಲೆಕ್ಕ ಹಾಕದವರು ಯಾರು. ಮುಂದಿನದಕ್ಕೆ ನಿಮ್ಮ ಸೋದರಮಾವ ಇದ್ದಾರಾ? ಅವರಿಗೆ ಈ ಆಸ್ತಿಯಲ್ಲಿ ಪಾಲಿಲ್ಲ. ಅಂಥವರು ಒಪ್ಪಿದರೆ ಸಮಿತಿಗೆ ಅವರ ಹೆಸರು ಸೂಚಿಸಿ ಅರ್ಜಿ ಹಾಕಬಹುದು. 2016ರ ಕಾಯ್ದೆಯ ಸೆಕ್ಷನ್ 14ರಲ್ಲಿ ಸೀಮಿತ ಪೋಷಕತ್ವ ಎಂಬ ಇನ್ನೊಂದು ದಾರಿಯೂ ಇದೆ. ಅದರಲ್ಲಿ ಪೋಷಕರು ಒಬ್ಬರೇ ತೀರ್ಮಾನಿಸುವುದಲ್ಲ, ಇಬ್ಬರೂ ಸೇರಿ, ಪರಸ್ಪರ ನಂಬಿಕೆಯಿಂದ ತೀರ್ಮಾನ. ಯಾವ ದಾರಿ ಹಿಡಿದರೂ ನಿಮ್ಮ ತಮ್ಮನ ಪಾಲನ್ನು ಮಾರುವ ಪ್ರಸಂಗ ಬಂದರೆ ಮೊದಲು ಕೋರ್ಟಿನ ಅನುಮತಿ ಕೇಳಿ. ನನ್ನ ಕಕ್ಷಿದಾರರಿಗೆ ಅದನ್ನೇ ಹೇಳುತ್ತೇನೆ. ತಾಯಿಯವರು ತಮ್ಮ ಪಾಲಿಗೆ ಈಗಲೇ ವಿಲ್ ಬರೆಯಲಿ.


ಮೂರುಗಾಲಿ

ಅಕ್ಕಾರ, ‘ಎಲ್ಲಿರ್ತೀ’ ಅಂತ ಬರೇ ಬಾಯಿಮಾತಿನ್ಯಾಗ ಕೇಳಬ್ಯಾಡ್ರಿ. ಮೊಬೈಲಿನ್ಯಾಗ ಫೋಟೋ ತಗದು ತೋರಸ್ರಿ. ಒಂದ ಸಲ ಕೇಳಿ ಬರಕೊಂಡು ಬಿಡಬ್ಯಾಡ್ರಿ, ಮೂರು ನಾಕು ದಿನ ಬ್ಯಾರೆ ಬ್ಯಾರೆ ಹೊತ್ತಿನ್ಯಾಗ ಕೇಳ್ರಿ. ನೀವು ಎದುರಿಗೆ ಕುಂತು ಕೇಳಿದ್ರ ನಿಮ್ಮ ಮಾರಿ ನೋಡಿ ಉತ್ತರ ಕೊಡ್ತಾನ, ಬಾಜೂಕ ಕುಂದರ್ರಿ.


ಅಟ್ಟದಕಾಯಿ (ಆರು ವಾರದ ನಂತರ)

ಏನಾಯ್ತು ಅಂತ ಮೂರು ಜನ ಕೇಳಿದ್ದೀರಿ, ಅದಕ್ಕೆ ಬರೀತಿದ್ದೀನಿ.

ಫೋಟೋ ಪ್ರಿಂಟ್ ಹಾಕಿಸಿದೆ. ಊರಿನ ಮನೆ, ಬೆಂಗಳೂರಿನ ನಮ್ಮ ಮನೆ, ಆ ವಸತಿ ಕೇಂದ್ರದ ಗೇಟು. ಜಗಲಿ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ. ಮೊದಲನೇ ದಿನ ತಟ್ಟನೆ ಬೆಂಗಳೂರಿನ ಮನೆ ತೋರಿಸಿದ. ನನಗೆ ಎದೆ ಧಸಕ್ ಅಂತು. ಯಾಕೋ ಅಂದ್ರೆ ‘ಲಿಫ್ಟು’ ಅಂದ. ಹೋದ ಸಲ ಬಂದಾಗ ಹನ್ನೊಂದು ಸಲ ಹತ್ತಿ ಇಳಿದಿದ್ದ, ವಾಚ್‌ಮನ್ ಬಂದು ಹೇಳಿದ್ರು. ಎರಡನೇ ದಿನ ಊರಿನ ಮನೆ. ನಾಲ್ಕು ದಿನ ಬಿಟ್ಟು ಕೇಳಿದಾಗಲೂ ಅದೇ. ಕೇಂದ್ರದ ಫೋಟೋನ ಅವನು ಒಂದು ಸಲವೂ ಆರಿಸಲಿಲ್ಲ. ಕೊನೇ ಸಲ ಅದನ್ನ ಮಗುಚಿ ಹಾಕಿದ. ಅಲ್ಲಿಗೆ ಅವನನ್ನ ಕರ್ಕೊಂಡು ಹೋಗಿರಲಿಲ್ಲ, ಅದು ಏನು ಅಂತ ಹೇಳಿರಲೂ ಇಲ್ಲ. ನಾವು ಒಳಗೆ ಮಾತಾಡೋದನ್ನ ಕೇಳಿಸ್ಕೊಂಡಿದ್ದ ಅಂತ ಕಾಣುತ್ತೆ.

ವಂಶವೃಕ್ಷದಲ್ಲಿ ಮೂವರ ಹೆಸರೂ ಬಂತು. ಅರ್ಜಿ ತಗೊಂಡವರು ‘ಇವರಿಗೆ ಸಹಿ ಬರುತ್ತಾ?’ ಅಂತ ನನ್ನನ್ನ ಕೇಳಿದ್ರು. ಸೋಮು ಪೆನ್ ಇಸ್ಕೊಂಡು ‘ಸೋ’ ಅಂತ ಬರೆದ. ಅಷ್ಟೇ ಬರೋದು, ಬೆಲ್ಲು ಹೊಡೆಸ್ತಿದ್ದ ಮೇಷ್ಟ್ರು ಕಲಿಸಿದ್ದು.

ದೊಡ್ಡಪ್ಪ ಹತ್ತು ದಿನ ಮಾತು ಬಿಟ್ರು. ಆಮೇಲೆ ಅವರ ಮನೆ ಅಟ್ಟದ ಕಾಯಿ ಇಳಿಸೋ ದಿನ ಬಂತು. ಸೋಮೂನ ಕರೆಯೋಕೆ ಬಂದ್ರು. ಅಮ್ಮ ಅಡುಗೆ ಮನೆಯಿಂದಲೇ ‘ಕೂಲಿ ಎಷ್ಟು ಕೊಡ್ತೀರಾ ಭಾವ?’ ಅಂದ್ಲು. ನಲವತ್ತು ವರ್ಷದಲ್ಲಿ ಅಮ್ಮ ಅವರ ಎದುರಿಗೆ ಹಾಗೆ ಮಾತಾಡಿದ್ದು ನಾನು ಕೇಳಿಲ್ಲ. ದೊಡ್ಡಪ್ಪ ಏನೂ ಅನ್ನದೆ ಹೋದ್ರು. ಸಂಜೆ ಸೋಮು ಅಂಗಿ ಜೇಬಲ್ಲಿ ಮುನ್ನೂರು ರೂಪಾಯಿ ಇತ್ತು. ಬೇರೆಯವರಿಗೆ ಕೊಟ್ಟಿದ್ದು ಇದಕ್ಕಿಂತ ಜಾಸ್ತಿ ಅಂತ ಗೊತ್ತಾಯ್ತು. ಜಗಳ ಇನ್ನೊಂದು ದಿನ ಆಡೋಣ ಅಂದ್ಲು ಅಮ್ಮ. ದುಡ್ಡು ಯಾವ ಜೇಬಿಗೆ ಹಾಕೋದು ಅಂತ ಅವನಿಗೆ ತಿಳೀಲಿಲ್ಲ. ಎಡ ಅಜ್ಜಿದು, ಬಲ ಮನೇದು, ಇದು ತನ್ನದು. ಕೊನೆಗೆ ಅಂಗಿ ಜೇಬಲ್ಲೇ ಇರಲಿ ಅಂತ ಬಿಟ್ಟ.

ಸೋದರಮಾವ ಒಪ್ಪಿದ್ದಾರೆ. ಆಸ್ತಿ, ಬ್ಯಾಂಕು, ಆಸ್ಪತ್ರೆ, ಈ ಮೂರಕ್ಕೆ ಮಾತ್ರ ಅಂತ ಬರೆದಿದ್ದೀವಿ. ಮೈಸೂರಮ್ಮ, ಅಂಗಿ ಅವನೇ ಆರಿಸ್ಕೊಳ್ತಾನೆ. ಅಮ್ಮನ ನಂತರ ಊರಲ್ಲಿ ಅವನ ಜೊತೆ ರಾತ್ರಿ ಯಾರಿರ್ತಾರೆ ಅನ್ನೋದು ಇನ್ನೂ ಬಗೆಹರಿದಿಲ್ಲ. ಪಕ್ಕದ ಅಜ್ಜಿಯ ಮೊಮ್ಮಗನ ಹೆಸರು ಬಂದಿದೆ, ಅವನ ಹೆಂಡತಿ ಏನಂತಾಳೋ.

ಸಮಿತಿ ಸಭೆ ಬರೋ ಗುರುವಾರ, ತುಮಕೂರಲ್ಲಿ, ಹನ್ನೊಂದಕ್ಕೆ. ಸೋಮು ಖುದ್ದಾಗಿ ಬರಬೇಕಂತೆ. ಹಿಂದಿನ ದಿನವೇ ಬೆಂಗಳೂರಿಗೆ ಬಂದುಬಿಡು, ಕಾರಲ್ಲಿ ಹೋಗೋಣ ಅಂದೆ. ಒಪ್ಪಲಿಲ್ಲ. ಹಾಲು ಹಾಕಿ, ಎರಡೂ ಚೀಟಿ ಕೊಟ್ಟು, ಆಮೇಲೆ ಹೊರಡೋದಂತೆ. ಏಳೂಕಾಲಿನ ಬಸ್ಸಿಗೆ ಮಾವ ಅವನನ್ನ ಹತ್ತಿಸ್ಕೊಂಡು ಬರ್ತಾರೆ.